ಅಧ್ಯಯನ ಸಾಮಗ್ರಿ ಜಾಲತಾಣಗಳು ಮತ್ತು ಕೃತಿಸ್ವಾಮ್ಯದ ದೂರುಗಳು

ತರಗತಿಯ ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಮುಂತಾದವುಗಳನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವೇ ಸೇರಿಸಿ ಹಂಚಿಕೊಳ್ಳುವ ಜಾಲತಾಣಗಳು ವ್ಯಾಪಕ ಬಳಕೆಯಲ್ಲಿವೆ. ಇಂತಹ ತಾಣಗಳಿಗೆ ಲೇಖಕರಿಂದ ಅಥವಾ ಪ್ರಕಾಶಕರಿಂದ, ಸದರಿ ಕಡತವು ತಮ್ಮ ಕೃತಿಯ ನಕಲೆಂದೂ ಅದನ್ನು ತೆಗೆಯಬೇಕೆಂದೂ ದೂರು ಬರುವುದುಂಟು. ಹೆದರಿ ಎಲ್ಲವನ್ನೂ ಅಳಿಸುವವರಿದ್ದಾರೆ, ಉತ್ತರವನ್ನೇ ಕೊಡದವರೂ ಇದ್ದಾರೆ. ಈ ವಿಷಯದಲ್ಲಿ ಕಾನೂನು ನಿಶ್ಚಿತ ಕ್ರಮವೊಂದನ್ನು ವಿಧಿಸಿದೆ.

ಯಾವುದಕ್ಕೆ ರಕ್ಷಣೆ

ಕೃತಿಸ್ವಾಮ್ಯ ಅಧಿನಿಯಮ, 1957ರ ಮೇರೆಗೆ ಸಾಹಿತ್ಯ ಕೃತಿಯ ಮೇಲಿನ ಹಕ್ಕು ಲೇಖಕರ ಜೀವಿತಾವಧಿಯಲ್ಲೂ ಅವರ ಮರಣಾನಂತರ 60 ವರ್ಷಗಳವರೆಗೂ ಇರುತ್ತದೆ. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕು ಇರುವುದು ನಿರೂಪಣೆಗೇ ಹೊರತು ವಿಷಯಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ (1978) ಸ್ಪಷ್ಟಪಡಿಸಿದೆ. ಆದುದರಿಂದ ಸಂಧಿ ಸಮಾಸಗಳ ಬಗ್ಗೆ ವಿದ್ಯಾರ್ಥಿನಿಯೊಬ್ಬಳು ಸ್ವಂತ ಮಾತುಗಳಲ್ಲಿ ಬರೆದ ಟಿಪ್ಪಣಿ ಅವಳದೇ ಕೃತಿ. ಮುದ್ರಿತ ಗೈಡೊಂದರ ಪುಟಗಳನ್ನು ಸ್ಕ್ಯಾನ್ ಮಾಡಿ ಸೇರಿಸಿದರೆ ಹಾಗಾಗದು. ಕಾನೂನು ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೂ ಒಂದಿದೆ: ನ್ಯಾಯಾಲಯದ ತೀರ್ಪಿನ ಮೂಲಪಾಠವನ್ನು ಸಾಮಾನ್ಯವಾಗಿ ಯಾರೂ ಪ್ರಕಟಿಸಬಹುದು, ವರದಿ ಸಂಪುಟಗಳಲ್ಲಿ ಸಂಪಾದಕರು ತಾವೇ ಬರೆದ ಶಿರೋಟಿಪ್ಪಣಿಗಳು ಮಾತ್ರ 2007ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ರಕ್ಷಿತ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳಂತೆ ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಕೃತಿಗಳಿಗೂ, ಉಚಿತವೆಂಬ ಕಾರಣಕ್ಕೆ ಕೃತಿಸ್ವಾಮ್ಯ ಇಲ್ಲವಾಗುವುದಿಲ್ಲ.

ಬೋಧನೆಗೆ ಇರುವ ವಿನಾಯಿತಿ

ಬೋಧನಾ ಕ್ರಮದಲ್ಲಿ ಅಧ್ಯಾಪಕರು ಅಥವಾ ವಿದ್ಯಾರ್ಥಿಗಳು ಮಾಡುವ ಪ್ರತಿ ಉಲ್ಲಂಘನೆಯಲ್ಲವೆಂದು ಕಲಂ 52(1)(ಐ) ಹೇಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶನ ಸಂಸ್ಥೆಗಳು 2012ರಲ್ಲಿ ಹೂಡಿದ ದಾವೆಯಲ್ಲಿ, 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಈ ವಿನಾಯಿತಿಗೆ ವಿಶಾಲವಾದ ಅರ್ಥವನ್ನೇ ನೀಡಿತು. ಆದರೆ ಅಲ್ಲಿ ವಿಚಾರಣೆಗೆ ಬಂದದ್ದು ಒಂದು ವಿಶ್ವವಿದ್ಯಾಲಯದ ಪಾಠಕ್ರಮಕ್ಕೆಂದು ಸಿದ್ಧಪಡಿಸಿದ ಸಂಕಲನಗಳು. ಇಡೀ ಪುಸ್ತಕವನ್ನು ಲೋಕಕ್ಕೆಲ್ಲ ಸಿಗುವಂತೆ ತಾಣದಲ್ಲಿ ಇಟ್ಟವರು ಆ ತೀರ್ಪನ್ನು ಆಧಾರವಾಗಿ ತೋರಿಸುವುದು ಸುಲಭವಲ್ಲ.

ದೂರು ಬಂದಾಗ

2012ರ ತಿದ್ದುಪಡಿಯಿಂದ ಸೇರಿದ ಕಲಂ 52(1)(ಸಿ) ಹಾಗೂ ಕೃತಿಸ್ವಾಮ್ಯ ನಿಯಮಗಳು, 2013ರ ನಿಯಮ 75 ಇಲ್ಲಿ ಮುಖ್ಯವಾದವು. ದೂರು ಲಿಖಿತವಾಗಿರಬೇಕು. ಕೃತಿಯ ವಿವರ, ದೂರುದಾರರ ಒಡೆತನದ ಆಧಾರ, ನಕಲು ತಾಣದಲ್ಲಿ ಇರುವ ನಿರ್ದಿಷ್ಟ ಸ್ಥಳ, ತಿಳಿದಿದ್ದಲ್ಲಿ ಅದನ್ನು ಸೇರಿಸಿದವರ ವಿವರ ಅದರಲ್ಲಿರಬೇಕು. ಆ ಬಳಕೆ ಕಲಂ 52ರ ವಿನಾಯಿತಿಯೊಳಗೆ ಬರುವುದಿಲ್ಲವೆಂಬುದನ್ನೂ ತೋರಿಸಬೇಕು. ದಾವೆ ಹೂಡಿ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರುವುದಾಗಿ ಮುಚ್ಚಳಿಕೆಯೂ ಬೇಕು. ‘ನಿಮ್ಮ ತಾಣದ ತುಂಬ ನಮ್ಮ ಪುಸ್ತಕಗಳೇ ಇವೆ’ ಎಂಬ ಒಂದು ಸಾಲಿನ ಪತ್ರ ಈ ಅಗತ್ಯಗಳನ್ನು ಪೂರೈಸುವುದಿಲ್ಲ. ಮೈಸ್ಪೇಸ್ ಮೊಕದ್ದಮೆಯಲ್ಲಿಯೂ (2016) ದೆಹಲಿ ಉಚ್ಚ ನ್ಯಾಯಾಲಯವು, ಎಲ್ಲೋ ಉಲ್ಲಂಘನೆ ಇರಬಹುದೆಂಬ ಸಾಮಾನ್ಯ ಅರಿವು ಸಾಲದು, ನಿರ್ದಿಷ್ಟ ಕೃತಿಯ ಬಗ್ಗೆ ವಾಸ್ತವ ತಿಳಿವಳಿಕೆ ಇರಬೇಕೆಂದಿತು.

ವಿವರಗಳಿಂದ ಉಲ್ಲಂಘನೆ ಮನದಟ್ಟಾದಲ್ಲಿ ನಿರ್ವಾಹಕರು 36 ಗಂಟೆಗಳೊಳಗೆ ಆ ಕಡತವು ಸಿಗದಂತೆ ತಡೆಯಬೇಕು. ಹುಡುಕಿ ಬಂದವರಿಗೆ ತಡೆಯ ಕಾರಣವನ್ನು ತಿಳಿಸುವ ಸೂಚನೆಯನ್ನು ಅಲ್ಲಿಯೇ ಪ್ರದರ್ಶಿಸಬೇಕು. ತಡೆಯೆಂದರೆ ಶಾಶ್ವತವಾಗಿ ಅಳಿಸುವುದಲ್ಲ. 21 ದಿನಗಳೊಳಗೆ ನ್ಯಾಯಾಲಯದ ಆದೇಶ ಬಾರದಿದ್ದಲ್ಲಿ ಕಡತವನ್ನು ಮರಳಿ ಒದಗಿಸಬಹುದು. ಅನಂತರ ಅದೇ ದೂರುದಾರರು ಅದೇ ಕೃತಿ, ಅದೇ ಸ್ಥಳದ ಬಗ್ಗೆ ಮತ್ತೆ ನೋಟಿಸು ನೀಡಿದರೆ ಉತ್ತರಿಸುವ ಬಾಧ್ಯತೆ ಇರುವುದಿಲ್ಲ. ಮೂಲ ಕಡತವನ್ನೂ ದೂರು ತಲುಪಿದ ದಿನಾಂಕ ಮತ್ತು ವೇಳೆಯನ್ನೂ ದಾಖಲಿಸಿಡುವುದು ಈ ಕಾರಣದಿಂದ ಅವಶ್ಯ.

ಪರೀಕ್ಷೆಯ ಹೊಸ್ತಿಲಲ್ಲಿ ಇರುವ ವಿದ್ಯಾರ್ಥಿಗೆ 21 ದಿನ ಅಲ್ಪ ಕಾಲವಲ್ಲ. ವರ್ಷಕ್ಕೆ ಕೆಲವೇ ನೂರು ಪ್ರತಿ ಮಾರಾಟವಾಗುವ ಪುಸ್ತಕದ ಲೇಖಕರಿಗೆ 36 ಗಂಟೆಯೂ ದೀರ್ಘವೇ. ಕಡತ ಸೇರಿಸಿದವರು ಪ್ರತ್ಯುತ್ತರ ಸಲ್ಲಿಸಲು ನಿಯಮ 75ರಲ್ಲಿ ಪ್ರತ್ಯೇಕ ಅವಕಾಶ ಕಲ್ಪಿಸಿಲ್ಲದಿರುವುದು ಒಂದು ಕೊರತೆಯೇ ಸರಿ. ಆದರೂ ನಿರ್ವಾಹಕರು ದೂರಿನ ಸಾರಾಂಶವನ್ನು ಅವರಿಗೆ ಕಳುಹಿಸಿ ವಿವರಣೆ ಪಡೆಯಲು ಯಾವ ಅಡ್ಡಿಯೂ ಇಲ್ಲ. ಅದು ಅವರ ಸ್ವಂತ ಟಿಪ್ಪಣಿಯೆಂದು ಬಹಳ ಬಾರಿ ಗೊತ್ತಾಗುವುದು ಆಗಲೇ.

ತಾಣದ ಹೊಣೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 79 ಮಧ್ಯವರ್ತಿಗಳಿಗೆ ನೀಡುವ ರಕ್ಷಣೆ, ಇತರರು ಸೇರಿಸಿದ ಸಾಮಗ್ರಿಗೆ ಮಾತ್ರ ಸಂಬಂಧಿಸಿದ್ದು. ತಾಣದ ಸಿಬ್ಬಂದಿಯೇ ಗೈಡುಗಳನ್ನು ಸ್ಕ್ಯಾನ್ ಮಾಡಿ ಸದಸ್ಯರ ಹೆಸರಿನಲ್ಲಿ ಸೇರಿಸಿದರೆ ಆ ರಕ್ಷಣೆ ದೊರೆಯದು. ತಿಳಿದೂ ಮಾಡಿದ ಉಲ್ಲಂಘನೆಗೆ ಕಲಂ 63ರ ಮೇರೆಗೆ 3 ವರ್ಷಗಳವರೆಗೆ ಕಾರಾವಾಸ ಹಾಗೂ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಮತ್ತೊಂದೆಡೆ, ಹಕ್ಕೇ ಇಲ್ಲದೆ ಮೊಕದ್ದಮೆಯ ಬೆದರಿಕೆ ಒಡ್ಡುವವರ ವಿರುದ್ಧ ಬಾಧಿತರು ಕಲಂ 60ರ ಮೇರೆಗೆ ಘೋಷಣಾ ದಾವೆ ಹೂಡಿ ತಡೆಯಾಜ್ಞೆಯನ್ನೂ ನಷ್ಟ ಪರಿಹಾರವನ್ನೂ ಕೋರಬಹುದು. ಬೆದರಿಕೆ ಹಾಕಿದವರು ತಕ್ಕ ಶ್ರದ್ಧೆಯಿಂದ ತಾವೇ ದಾವೆ ಹೂಡಿ ನಡೆಸಿದಲ್ಲಿ ಈ ಕಲಂ ಅನ್ವಯಿಸುವುದಿಲ್ಲ.