ಇ-ಮೇಲು ಹೆಬ್ಬಾಗಿಲನ್ನು ದಾಟುವ ಬಗೆ

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಖಾರಕ್ಕಿಂತ ಕೆಂಪು ಬಣ್ಣಕ್ಕಾಗಿ ಹೆಸರಾದ ಈ ಸರಕಿಗೆ ದೂರದೂರದ ಗಿರಾಕಿಗಳುಂಟು. ಇಲ್ಲಿಯ ವರ್ತಕ ಸಂಸ್ಥೆಯೊಂದು ಕೊಚ್ಚಿಯ ಕಾರ್ಖಾನೆಗೆ ಆ ದಿನದ ದರವನ್ನು ಇ-ಮೇಲಿನಲ್ಲಿ ಕಳುಹಿಸಿತೆಂದು ಭಾವಿಸೋಣ. ಗುಂಡಿಯನ್ನೊತ್ತಿದೊಡನೆ ಪತ್ರವು ಮುಟ್ಟಿತೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಸಂಸ್ಥೆಯ ಹೆಬ್ಬಾಗಿಲನ್ನಷ್ಟೇ ಮುಟ್ಟಿರುತ್ತದೆ. ಅಲ್ಲಿ ಅಂಚೆಗೆಂದೇ ಇಟ್ಟ ಕಾವಲು ಯಂತ್ರವೊಂದಿರುತ್ತದೆ. ಒಳಬರುವ ವಂಚನೆಯ ಪತ್ರಗಳನ್ನು ತಡೆಯುವುದು ಅದರ ಪ್ರಸಿದ್ಧವಾದ ಕೆಲಸ. ಹೊರಹೋಗುವ ಪತ್ರಕ್ಕೆ ದಾರಿ ತೋರಿಸುವ ಹೊಣೆಯೂ ಅದರದೇ.

ಕಾಗದದ ಅಂಚೆಯಲ್ಲಿ ದಾರಿ ತೋರುವುದು ಪಿನ್ ಸಂಖ್ಯೆ. 1972ರಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಬ್ಯಾಡಗಿಯದು 581106. ಇ-ಮೇಲಿನಲ್ಲಿ ಈ ಸ್ಥಾನವು 'ಅಟ್' ಚಿಹ್ನೆಯ ಮುಂದಿರುವ ಡೊಮೇನ್ ಹೆಸರಿಗೆ ಸೇರಿದ್ದು. ಯಂತ್ರವು ಡಿ.ಎನ್.ಎಸ್. ಎಂಬ ಜಾಗತಿಕ ನಾಮಸೂಚಿಯನ್ನು ವಿಚಾರಿಸಿ, ಆ ಡೊಮೇನಿಗಾಗಿ ಪತ್ರ ಪಡೆಯುವ ಸರ್ವರುಗಳ ಪಟ್ಟಿಯನ್ನು, ಅಂದರೆ ಎಂ.ಎಕ್ಸ್. ದಾಖಲೆಗಳನ್ನು, ತರಿಸಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿರುತ್ತದೆ; ಚಿಕ್ಕ ಸಂಖ್ಯೆಯದಕ್ಕೆ ಮೊದಲ ಮನ್ನಣೆ. ಅದು ಓಗೊಡದಿದ್ದರೆ ಮುಂದಿನದು.

ನಿರ್ವಾಹಕನು ಬಯಸಿದರೆ ಈ ವಿಚಾರಣೆಯನ್ನು ಬದಿಗಿಟ್ಟು, 'ರಾಣೆಬೆನ್ನೂರು ಶಾಖೆಯ ಪತ್ರಗಳೆಲ್ಲ ಇಂತಹ ಸರ್ವರಿಗೆ' ಎಂದು ಮಾರ್ಗಪಟ್ಟಿಯಲ್ಲಿ ಬರೆದಿಡಬಹುದು. ಅನುಕೂಲವೇನೋ ನಿಜ. ಆದರೆ ಶಾಖೆಯು ಸರ್ವರನ್ನು ಬದಲಾಯಿಸಿದ ಮೇಲೂ ಹಳೆಯ ಸಾಲು ಹಾಗೆಯೇ ಉಳಿದರೆ, ಡಿ.ಎನ್.ಎಸ್. ಸರಿಯಾದ ವಿಳಾಸವನ್ನು ಹೇಳಬಲ್ಲದಾದರೂ ಯಂತ್ರವು ಅದನ್ನು ಕೇಳುವುದೇ ಇಲ್ಲ.

ಎದುರಿನ ಸರ್ವರು ಕೊಡುವ ಉತ್ತರ ಇನ್ನೂ ಸ್ವಾರಸ್ಯವಾದುದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್.ಎಂ.ಟಿ.ಪಿ. ನಿಯಮದಂತೆ ಈ ಉತ್ತರವು ಮೂರಂಕಿಯ ಸಂಖ್ಯೆಯಿಂದ ಮೊದಲಾಗುತ್ತದೆ. ಪತ್ರವನ್ನು ಒಪ್ಪಿಸಿದ ಮೇಲೆ 250 ಬಂದರೆ ಸ್ವೀಕಾರ. 5ರಿಂದ ಮೊದಲಾದರೆ ಖಂಡಿತವಾದ ನಿರಾಕರಣೆ. ಪತ್ರವು ಸೇರಲಿಲ್ಲವೆಂಬ ಸೂಚನೆಯು ಕಳುಹಿಸಿದವರಿಗೆ ಮರಳುತ್ತದೆ. 4ರಿಂದ ಮೊದಲಾದರೆ 'ಈಗ ಬೇಡ, ಆಮೇಲೆ ಬಾ' ಎಂದರ್ಥ. ಆಗ ಪತ್ರವು ಸಾಲಿನಲ್ಲಿ ಕಾಯುತ್ತದೆ. ಮರುಪ್ರಯತ್ನಕ್ಕೆ ಕನಿಷ್ಠ 30 ನಿಮಿಷದ ಬಿಡುವಿರಬೇಕೆಂದೂ 4-5 ದಿನಗಳಾದರೂ ಆಸೆ ಬಿಡಬಾರದೆಂದೂ 2008ರ ಪರಿಷ್ಕೃತ ನಿಯಮವು ಸಲಹೆ ಮಾಡುತ್ತದೆ. ಯಂತ್ರಕ್ಕೆ ಇದು ತಾಳ್ಮೆ, ವರ್ತಕರಿಗೆ ಅಪಾಯ. ದರವು ದಿನದಿನಕ್ಕೆ ಏರಿಳಿಯುವ ಪೇಟೆಯಲ್ಲಿ ಐದನೆಯ ದಿನ ಬಂದ ಸೂಚನೆಯಿಂದ ಏನು ಪ್ರಯೋಜನ? ಆದುದರಿಂದ ಕೆಲವೇ ಗಂಟೆಗಳಲ್ಲಿ 'ಪತ್ರ ಇನ್ನೂ ಹೋಗಿಲ್ಲ' ಎಂದು ತಿಳಿಸುವಂತೆ ಯಂತ್ರವನ್ನು ಹೊಂದಿಸುವುದು ಲೇಸು.

ವೇಗಕ್ಕೂ ಮಿತಿ ಬೇಕು. ಒಂದೇ ಡೊಮೇನಿಗೆ ಏಕಕಾಲದಲ್ಲಿ ಹಲವಾರು ಸಂಪರ್ಕಗಳನ್ನು ತೆರೆದರೆ ಎದುರಿನವರು ಸಂಶಯಪಡುತ್ತಾರೆ. ಕಚೇರಿಯ ಒಂದು ಗಣಕವು ಸೋಂಕಿಗೊಳಗಾಗಿ ರಾತ್ರಿಯಿಡೀ ಕಸದ ಪತ್ರಗಳನ್ನು ಎಸೆದರಂತೂ ಸಂಸ್ಥೆಯ ಐ.ಪಿ. ವಿಳಾಸವೇ ಕಪ್ಪುಪಟ್ಟಿಗೆ ಸೇರಬಹುದು. ಮರುದಿನ ನಿಜವಾದ ದರಪಟ್ಟಿಗೂ ಬಾಗಿಲು ಮುಚ್ಚಿರುತ್ತದೆ. ಹೊರಹೋಗುವ ಪತ್ರಗಳನ್ನೂ ಯಂತ್ರವು ಶೋಧಿಸುವುದು ಇದಕ್ಕಾಗಿಯೇ. ಇನ್ನು, ಹೊಸ ಯಂತ್ರವನ್ನಿಟ್ಟವರು ಅದರ ವಿಳಾಸವನ್ನು ತಮ್ಮ ಡೊಮೇನಿನ ಎಸ್.ಪಿ.ಎಫ್. ದಾಖಲೆಯಲ್ಲಿ ಸೇರಿಸಲೇಬೇಕು. ಸೇರಿಸದಿದ್ದರೆ ಅವರದೇ ಪತ್ರವನ್ನು ಕೊಚ್ಚಿಯ ಸರ್ವರು ಯಾರೋ ಅವರ ಹೆಸರಿನಲ್ಲಿ ಬರೆದುದೆಂದು ಬಗೆದು ತಿರಸ್ಕರಿಸಬಹುದು.