ತರ್ಕುಕನ ಖರ್ಚುವೆಚ್ಚ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬವನ್ನು ಕದಂಬ ರಾಜ್ಯದ ಹುಟ್ಟಿನ ದಾಖಲೆಯೆಂದು ಶಾಲಾಪುಸ್ತಕಗಳು ಹೇಳಿಕೊಡುತ್ತ ಬಂದಿವೆ. ಆದರೆ ಓದಿಗಾಗಿ ಊರು ಬಿಟ್ಟವರ ಹಣಕಾಸನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಬಳಿ ನಿಂತವರಿಗೆ, ಅದೇ ಕಂಬ ಈ ಸೀಮೆಯಿಂದ ಪರರಾಜ್ಯಕ್ಕೆ ವಿದ್ಯಾರ್ಥಿಯಾಗಿ ಹೊರಟವನೊಬ್ಬನ ಅತಿ ಹಳೆಯ ದಾಖಲೆಯಾಗಿಯೂ ಕಾಣುತ್ತದೆ. ಎಂಟು ಮುಖಗಳ ಕಂಬದ ಉದ್ದಕ್ಕೂ ಲಂಬವಾಗಿ ಸಾಗುವ ಸಾಲುಗಳಲ್ಲಿ, ಪ್ರತಿ ಅಕ್ಷರದ ತಲೆಯ ಮೇಲೂ ಪುಟ್ಟ ಪೆಟ್ಟಿಗೆಯೊಂದನ್ನು ಹೊತ್ತಂತಿರುವ ಲಿಪಿಯಲ್ಲಿ, ಐದನೆಯ ಶತಮಾನದ ಕವಿ ಕುಬ್ಜನು ಕದಂಬ ರಾಜ ಶಾಂತಿವರ್ಮನ ಕಾಲದಲ್ಲಿ ಈ ಶಾಸನವನ್ನು ಸಂಸ್ಕೃತದಲ್ಲಿ ಬರೆದನು. ಹೊರಟ ಆ ವಿದ್ಯಾರ್ಥಿ ಮಯೂರಶರ್ಮ. ಹೋದದ್ದು ಪಲ್ಲವರ ರಾಜಧಾನಿ ಕಾಂಚಿಗೆ. ಜೊತೆಗಿದ್ದವನು ಗುರು ವೀರಶರ್ಮ. ಸೇರಿದ್ದು ಘಟಿಕೆಯನ್ನು, ಅಂದರೆ ವೇದಶಾಸ್ತ್ರಗಳ ಉನ್ನತ ವ್ಯಾಸಂಗಕ್ಕೆ ಮೀಸಲಾಗಿದ್ದ ವಿದ್ಯಾಕೇಂದ್ರವನ್ನು.

ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಯಾರೂ ನಿಂತು ನೋಡದಿರುವುದು ಆ ವಿದ್ಯಾರ್ಥಿಗೆ ಕವಿ ಕೊಟ್ಟಿರುವ ವಿಶೇಷಣವನ್ನು: ಮಯೂರಶರ್ಮ ಘಟಿಕೆಯನ್ನು ಹೊಕ್ಕದ್ದು ‘ತರ್ಕುಕ’ನಾಗಿ. ತರ್ಕವೆಂಬ ಪದದ ನೆರಳು ಬಿದ್ದಿರುವುದರಿಂದ ಇದನ್ನು ತರ್ಕಶಾಸ್ತ್ರದ ವಿದ್ಯಾರ್ಥಿ ಎಂದು ಬಿಡಿಸುವ ಆಸೆ ಹುಟ್ಟುವುದು ಸಹಜವಾದರೂ ನಿಘಂಟುಗಳು ಈ ಪದಕ್ಕೆ ಕೊಡುವ ಅರ್ಥ ಯಾಚಕ, ಬೇಡಿ ಪಡೆಯುವವನು ಎಂದು. ಮೊಮ್ಮಗನ ಮೊಮ್ಮಗ ಸಿಂಹಾಸನದಲ್ಲಿ ಕುಳಿತಿದ್ದಾಗ, ಅವನದೇ ಆಶ್ರಯದಲ್ಲಿ ಬರೆಯುತ್ತಿದ್ದ ಕವಿಯೊಬ್ಬ ವಂಶದ ಮೂಲಪುರುಷನನ್ನು ಯಾಚಕನೆಂದು ಕಲ್ಲಿನಲ್ಲಿ ಕೊರೆಸಲು ಹಿಂಜರಿಯಲಿಲ್ಲವೆಂದರೆ, ಆ ಕಾಲಕ್ಕೆ ಅದು ನಾಚಿಕೆಯ ಮಾತಾಗಿರಲಿಲ್ಲವೆಂದೇ ತಿಳಿಯಬೇಕು. ಬ್ರಹ್ಮಚಾರಿಯ ಭಿಕ್ಷೆ ಬಡತನದ ಗುರುತಲ್ಲ, ಓದುವವನ ಹೊಟ್ಟೆಯ ಭಾರವನ್ನು ಪರವೂರಿನ ಗೃಹಸ್ಥರ ಮೇಲೆ ಹಂಚಿಬಿಡುತ್ತಿದ್ದ ವ್ಯವಸ್ಥೆ. ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳದಿಂದ ಮಯೂರ ಓದು ಬಿಟ್ಟು ಕತ್ತಿ ಹಿಡಿದನೆಂದು ಶಾಸನ ಹೇಳುತ್ತದೆ. ಹಾಗೆಂದು, ಶುಲ್ಕ ಕಟ್ಟಲಾರದವನು ರಾಜ್ಯ ಕಟ್ಟಿದನೆಂದು ಚಮತ್ಕಾರ ಮಾಡುವಂತಿಲ್ಲ. ಅವನನ್ನು ಎಬ್ಬಿಸಿದ್ದು ಹಣದ ಕೊರತೆಯಲ್ಲ, ಅವಮಾನ. ಪರನಾಡಿನಲ್ಲಿ ಓದಲು ಹೋದವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಭಾರವೆಂಬುದನ್ನು ಅನುಭವಿಸಿದವರೇ ಹೇಳಬೇಕು.

ಭಿಕ್ಷೆಯಿಂದ ಆಚೆಗೆ, ಓದಿಗೆ ಭೂಮಿಯನ್ನೇ ಆಧಾರವಾಗಿಸಿದ ವ್ಯವಸ್ಥೆಯೂ ಇದೇ ತಾಲ್ಲೂಕಿನಲ್ಲಿತ್ತು. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ 1162ರ ಶಾಸನವು ಅಲ್ಲಿನ ಕೋಡಿಯ ಮಠವನ್ನು ನಾಲ್ಕು ವೇದಗಳ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ, ದರ್ಶನಗಳ ಅಧ್ಯಯನ ಸ್ಥಾನವೆಂದೂ, ದೀನರಿಗೆ ಅನಾಥರಿಗೆ ಸದಾ ಅನ್ನ ದೊರೆಯುವ ಎಡೆಯೆಂದೂ, ರೋಗಿಗಳಿಗೆ ಚಿಕಿತ್ಸೆಯ ನೆಲೆಯೆಂದೂ ಒಂದೇ ಉಸಿರಿನಲ್ಲಿ ಬಣ್ಣಿಸುತ್ತದೆ. ಇದರ ಹಿಂದಿನ ಹಣಕಾಸು ಸರಳವಾದದ್ದು: ದತ್ತಿಬಿಟ್ಟ ಭೂಮಿಯ ಹುಟ್ಟುವಳಿ ನೇರವಾಗಿ ಮಠದ ಅಡುಗೆಮನೆಗೆ ಹೋಗುತ್ತಿತ್ತು, ಗದ್ದೆಗೂ ವಿದ್ಯಾರ್ಥಿಯ ಎಲೆಗೂ ನಡುವೆ ಕಾಗದವಿರಲಿಲ್ಲ, ಇದ್ದದ್ದು ಒಂದು ಕಲ್ಲು ಮಾತ್ರ.

ಇಂದಿನ ಚಂದ್ರಗುತ್ತಿಯಲ್ಲಿ ಭೂಮಿಯಿದೆ, ಆದರೆ ಆ ನೇರದಾರಿ ಮುಚ್ಚಿದೆ. ವಿಜಯನಗರ ಕಾಲದಲ್ಲಿ ಗುತ್ತಿರಾಜ್ಯವೆಂಬ ಪ್ರಾಂತದ ಕೇಂದ್ರವಾಗಿದ್ದು, ಈಗ ಸೊರಬ ತಾಲ್ಲೂಕಿನ ಹೋಬಳಿಯಾಗಿ, ರೇಣುಕಾಂಬೆಯ ಗುಹಾದೇವಾಲಯದಿಂದ ಹೆಸರಾಗಿರುವ ಈ ಊರಿನ ಸುತ್ತಮುತ್ತ ಭತ್ತ, ಅಡಿಕೆ, ಶುಂಠಿ ಬೆಳೆಯುವ ಕುಟುಂಬವೊಂದರ ಮಗಳು ಜರ್ಮನಿಗೋ ಇಂಗ್ಲೆಂಡಿಗೋ ಸ್ನಾತಕೋತ್ತರ ಓದಿಗೆ ಹೊರಡುವಳೆಂದು ಇಟ್ಟುಕೊಂಡರೆ, ಆ ಮನೆಗೆ ಎದುರಾಗುವುದು ಸಂಪತ್ತಿನ ಅಭಾವಕ್ಕಿಂತ ಹೆಚ್ಚಾಗಿ, ಇರುವ ಸಂಪತ್ತನ್ನು ತೋರಿಸಲಾಗದ ಕಷ್ಟ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ತೆರಿಗೆಯಿಲ್ಲದ ಕಾರಣ ಅನೇಕ ರೈತರು ರಿಟರ್ನ್ ಸಲ್ಲಿಸುವ ಗೋಜಿಗೇ ಹೋಗಿರುವುದಿಲ್ಲ. ರಿಟರ್ನ್ ಇಲ್ಲದವನ ಆದಾಯವನ್ನು ಬ್ಯಾಂಕು ಸುಲಭವಾಗಿ ನಂಬುವುದಿಲ್ಲ. ಇದರ ಮೇಲೆ ಚೇಣಿಯ ಪದ್ಧತಿ ಬೇರೆ: ಫಸಲು ಇನ್ನೂ ಮರದಲ್ಲಿರುವಾಗಲೇ ತೋಟದ ಕೊನೆಗಳನ್ನು ಗುತ್ತಿಗೆಗೆ ಕೊಟ್ಟು, ಚೇಣಿದಾರನಿಂದ ಮುಂಗಡ ಪಡೆಯುವ ಈ ಕ್ರಮದಲ್ಲಿ ವ್ಯವಹಾರ ಬಹುಮಟ್ಟಿಗೆ ಬಾಯಿಮಾತಿನ ಮೇಲೆ ನಡೆಯುತ್ತದೆ. ಮನೆಯ ಯಜಮಾನನಿಗೆ ಅದು ವಿಶ್ವಾಸ, ಬ್ಯಾಂಕಿನ ಅಧಿಕಾರಿಗೆ ಅದು ಶೂನ್ಯ.

ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಾಗುತ್ತದೆ. ವಿದೇಶದ ಓದಾದರೆ ವೆಚ್ಚದ ಶೇ. 15ರಷ್ಟನ್ನು ‘ಮಾರ್ಜಿನ್’ ಎಂದು ಕುಟುಂಬವೇ ಭರಿಸಬೇಕು. ಭದ್ರತೆಯ ಪ್ರಶ್ನೆ ಬಂದಾಗ ಮೊದಲು ತೋರಿಸುವುದು ಪಹಣಿಯನ್ನು, ಮತ್ತು ಮೊದಲು ತಿರಸ್ಕೃತವಾಗುವುದೂ ಸಾಮಾನ್ಯವಾಗಿ ಅದೇ. ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯು ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ಜಮೀನನ್ನು ಕಾಯಲೆಂದು ಮಾಡಿದ ಈ ವಿನಾಯಿತಿ ಸರಿಯಾದದ್ದೇ. ಅದರ ಅನಿರೀಕ್ಷಿತ ಫಲವೆಂದರೆ, ನಾಲ್ಕೆಕರೆ ಅಡಿಕೆ ತೋಟವಿರುವವನ ಮಗಳಿಗಿಂತ ಪೇಟೆಯಲ್ಲಿ ಒಂದು ನಿವೇಶನವಿರುವವನ ಮಗಳು ಬ್ಯಾಂಕಿನ ಕಣ್ಣಿಗೆ ಹೆಚ್ಚು ಭದ್ರಳು. ಭದ್ರತೆ ಕೇಳದ ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಇವೆಯಾದರೂ, ಅವು ಬಿಟ್ಟುಕೊಟ್ಟ ಭದ್ರತೆಯನ್ನು ಬಡ್ಡಿಯಲ್ಲಿ ವಸೂಲು ಮಾಡಿಕೊಳ್ಳುತ್ತವೆ.

ಸಾಲ ಸಿಕ್ಕ ಮೇಲೆ ಎದುರಾಗುವುದು ಕಾಲಮಾನದ ತೊಡಕು. ಅಡಿಕೆಯ ಮನೆಗೆ ದುಡ್ಡು ಬರುವುದು ವರ್ಷಕ್ಕೊಂದು ಸಲ, ಪರದೇಶದಲ್ಲಿ ಅದು ಹೋಗುವುದು ತಿಂಗಳಿಗೊಂದು ಸಲ. ಈ ವಿಷಯದಲ್ಲಿ ಜರ್ಮನಿಯ ‘ತಡೆಹಿಡಿದ ಖಾತೆ’ಯ ನಿಯಮ ಮಲೆನಾಡಿನವರಿಗೆ ಅಪರಿಚಿತವೆನಿಸಬಾರದು: ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋಗಳನ್ನು ವೀಸಾ ಪಡೆಯುವ ಮೊದಲೇ ಖಾತೆಯಲ್ಲಿಡಬೇಕು, ಅಲ್ಲಿಗೆ ತಲುಪಿದ ಮೇಲೆ ಅದರಿಂದ ತಿಂಗಳಿಗೆ 992 ಯೂರೋಗಳಂತೆ ಮಾತ್ರ ತೆಗೆಯಬಹುದು. ಸುಗ್ಗಿಯಲ್ಲಿ ಕಣಜ ತುಂಬಿಸಿ, ಮುಂದಿನ ಸುಗ್ಗಿಯವರೆಗೆ ಕೊಳಗದಲ್ಲಿ ಅಳೆದು ತೆಗೆಯುತ್ತಿದ್ದ ಅಜ್ಜಿಯರ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸವಿರುವುದು ಕೀಲಿಕೈ ಯಾರ ಸೆರಗಿನಲ್ಲಿದೆ ಎಂಬುದರಲ್ಲಿ ಮಾತ್ರ. ಇಂಗ್ಲೆಂಡಿನ ನಿಯಮ ಇಷ್ಟು ಸಜ್ಜನಿಕೆಯದ್ದಲ್ಲ. ಶುಲ್ಕ ಮತ್ತು ಜೀವನವೆಚ್ಚದ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇದ್ದಿರಬೇಕೆಂದು ಅದು ಕೇಳುತ್ತದೆ. ನೆಂಟರಿಷ್ಟರಿಂದ ಕೈಗಡ ತಂದು 28 ದಿನ ‘ತೋರಿಸಿ’ 29ನೆಯ ದಿನ ಹಿಂದಿರುಗಿಸುವ ಜಾಣತನ ಕಾಗದದ ಪರೀಕ್ಷೆಯನ್ನು ಗೆಲ್ಲಬಹುದು, ಆದರೆ ಹೋದ ಮಗಳು ಎರಡನೆಯ ತಿಂಗಳಿನ ಬಾಡಿಗೆಯನ್ನು ಕಟ್ಟಬೇಕಾಗಿರುವುದು ನಿಜವಾದ ಹಣದಲ್ಲಿ.

‘ಅಲ್ಲಿ ಹೋಗಿ ದುಡಿದುಕೊಳ್ಳುತ್ತಾಳೆ’ ಎಂಬ ಸಮಾಧಾನಕ್ಕೂ ಮಿತಿಯಿದೆ. ಇಂಗ್ಲೆಂಡಿನಲ್ಲಿ ಪದವಿ ಮಟ್ಟದ ವಿದ್ಯಾರ್ಥಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 24 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಮಾತ್ರ ಕೆಲಸ ಮಾಡಬಹುದು. ಈ ದುಡಿಮೆಯಿಂದ ಊಟದ ಖರ್ಚು ನಡೆದೀತು. ಶುಲ್ಕವನ್ನು ಇದರಿಂದ ಕಟ್ಟುವ ಯೋಜನೆ ಯೋಜನೆಯಲ್ಲ, ಹರಕೆ.

ಹಣವನ್ನು ಹೊರಗೆ ಕಳುಹಿಸುವಾಗ ಇನ್ನೊಂದು ಸಣ್ಣ ಮುಳ್ಳಿದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಕಳುಹಿಸಬಹುದಾದರೂ, 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಯಂತೆ ಹತ್ತು ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಮೂಲದಲ್ಲಿಯೇ ತೆರಿಗೆ ಸಂಗ್ರಹಿಸುತ್ತದೆ. ಇದನ್ನೇ ಟಿಸಿಎಸ್ ಎನ್ನುವುದು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ ಇದಿಲ್ಲ, ಸ್ವಂತ ಹಣಕ್ಕೆ ಮಾತ್ರ ಇದೆ. ಯೂರೋವೊಂದಕ್ಕೆ ನೂರು ರೂಪಾಯಿಯೆಂದು ಹಿಡಿದರೂ ಜರ್ಮನಿಯ ಖಾತೆಯ ಮೊತ್ತವೇ ಹನ್ನೆರಡು ಲಕ್ಷದ ಹತ್ತಿರ ಬರುವುದರಿಂದ, ತಂದೆಯೊಬ್ಬನೇ ಎಲ್ಲವನ್ನೂ ಕಳುಹಿಸಿದರೆ ಮಿತಿ ದಾಟುತ್ತದೆ. ಹೀಗೆ ಕಡಿತವಾದದ್ದು ಕಳೆದುಹೋದ ಹಣವಲ್ಲ, ತೆರಿಗೆಯಿಲ್ಲದವರಿಗೆ ಮರಳಿ ಬರತಕ್ಕದ್ದು. ಆದರೆ ಮರಳಿ ಪಡೆಯಬೇಕಾದರೆ ರಿಟರ್ನ್ ಸಲ್ಲಿಸಬೇಕು, ಅಂದರೆ ಜೀವಮಾನದಲ್ಲಿ ಸಲ್ಲಿಸದವನೂ ಕೊನೆಗೆ ಆ ಬಾಗಿಲಿಗೇ ಬರಬೇಕು.

ಪೂರ್ಣ ವೆಚ್ಚವನ್ನು ಹೊರುವ ವಿದ್ಯಾರ್ಥಿವೇತನಗಳು ಈ ಎಲ್ಲ ತೊಡಕನ್ನೂ ದಾಟಿಸುತ್ತವೆ. ಇದೇ ಜಿಲ್ಲೆಯ ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಇಡೀ ದೇಶಕ್ಕೆ ವರ್ಷಕ್ಕಿರುವ 125 ಸ್ಥಾನಗಳ ಪೈಕಿ 115 ಪರಿಶಿಷ್ಟ ಜಾತಿಗಳಿಗೆ, 6 ಅಲೆಮಾರಿ ಸಮುದಾಯಗಳಿಗೆ ಮೀಸಲಾಗಿದ್ದು, ಉಳಿದ 4 ಸ್ಥಾನಗಳು ಭೂರಹಿತ ಕೃಷಿ ಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಶ್ರೀಗಂಧದ ಕೆತ್ತನೆಗೆ ಹೆಸರಾದ ಸೊರಬದ ಗುಡಿಗಾರ ಮನೆಗಳ ಮಕ್ಕಳು ಈ ನಾಲ್ಕಕ್ಕೆ ದೇಶದ ಎಲ್ಲ ನೇಕಾರ, ಕುಂಬಾರ, ಕಮ್ಮಾರರೊಡನೆ ಸ್ಪರ್ಧಿಸಬೇಕೆನ್ನುವುದನ್ನು ಉದಾರತೆಯೆಂದು ಕರೆಯುವುದು ಕಷ್ಟ.

ಆದುದರಿಂದ ಚಂದ್ರಗುತ್ತಿಯ ಮನೆಗಳಲ್ಲಿ ಸಿದ್ಧತೆ ತೊಡಗಬೇಕಾದದ್ದು ವೀಸಾದ ವರ್ಷದಲ್ಲಲ್ಲ, ಮಕ್ಕಳು ಪಿಯುಸಿಯಲ್ಲಿರುವಾಗ. ಚೇಣಿಯ ಒಪ್ಪಂದವನ್ನು ಬರಹಕ್ಕೆ ತರುವುದು, ಅಡಿಕೆಯ ಒಂದು ಪಾಲನ್ನಾದರೂ ಮಂಡಿಯಲ್ಲೋ ಸೊಸೈಟಿಯಲ್ಲೋ ಮಾರಿ ರಸೀದಿಗಳನ್ನು ಜೋಡಿಸಿಡುವುದು, ತೆರಿಗೆ ಬಾರದಿದ್ದರೂ ಮೂರು ವರ್ಷ ರಿಟರ್ನ್ ಸಲ್ಲಿಸುವುದು, ಇವೆಲ್ಲ ಖರ್ಚಿಲ್ಲದ ಕೆಲಸಗಳು. ತೋಟವನ್ನು ಒಪ್ಪದ ಬ್ಯಾಂಕು ವಾಸದ ಮನೆಯನ್ನು ಒಪ್ಪಬಹುದು, ಆದರೆ ಅದಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು. ಹಿತ್ತಲ ಮನೆ ಕೃಷಿಜಮೀನಿನಲ್ಲಿಯೇ ನಿಂತಿದ್ದರೆ ಅವು ಸುಲಭವಾಗಿ ಸಿಗುವುದಿಲ್ಲ. ವಿಶ್ವವಿದ್ಯಾಲಯಗಳ ಪಟ್ಟಿಯನ್ನು ತೆರೆಯುವ ಮೊದಲು ಒಮ್ಮೆ ಪಂಚಾಯಿತಿಗೆ ಹೋಗಿ ವಿಚಾರಿಸಿಕೊಂಡು ಬರುವುದು ಒಳ್ಳೆಯದು.