ಹೊಸ ಭುಜಕ್ಕೆ ಹಳೆಯ ನಾರಿನ ಆಸರೆ

ಶಾಲೆಯ ಆಟೋಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡದ ಮಕ್ಕಳುಂಟೆ? ಹಣ್ಣು ದೊಡ್ಡದು, ಚಮಚದ ಗುಳಿ ಚಿಕ್ಕದು. ಸ್ವಲ್ಪ ಅಲುಗಿದರೂ ಹಣ್ಣು ನೆಲಕ್ಕೆ! ನಮ್ಮ ಭುಜದ ಕೀಲಿನ ರಚನೆಯೂ ಹೆಚ್ಚುಕಡಿಮೆ ಹೀಗೆಯೇ. ತೋಳಿನ ಮೂಳೆಯ ತುದಿ ಒಂದು ಗುಂಡು. ಅದು ಕೂರುವುದು ಹೆಗಲ ಮೂಳೆಯ ಆಳವಿಲ್ಲದ ಬಟ್ಟಲಿನಲ್ಲಿ. ಬಟ್ಟಲು ಆಳವಿಲ್ಲದಿರುವುದರಿಂದಲೇ ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಸಾಧ್ಯ. ಹಾಗಾದರೆ ಗುಂಡು ಜಾರಿಬೀಳುವುದಿಲ್ಲವೇಕೆ?

ನಾಲ್ಕು ಕಾವಲುಗಾರರು

ಹೆಗಲ ಮೂಳೆಯಿಂದ ಹೊರಟ ನಾಲ್ಕು ಸ್ನಾಯುಗಳು ನಾರಿನಂಥ ಸ್ನಾಯುರಜ್ಜುಗಳಾಗಿ ಗುಂಡಿಗೆ ಅಂಟಿಕೊಂಡಿವೆ. ಅಂಗಿಯ ತೋಳಿನ ಪಟ್ಟಿಯಂತೆ ಸುತ್ತುವರಿದಿರುವ ಇವಕ್ಕೆ 'ರೊಟೇಟರ್ ಕಫ್' ಎಂದು ಹೆಸರು. ಕೈ ಎತ್ತುವಾಗ ಹೆಗಲಿನ ದಪ್ಪನೆಯ ಡೆಲ್ಟಾಯ್ಡ್ ಸ್ನಾಯು ಗುಂಡನ್ನು ಮೇಲಕ್ಕೆ ಎಳೆಯುತ್ತದೆ. ಆಗ ಈ ನಾಲ್ಕೂ ಅದನ್ನು ಬಟ್ಟಲಿಗೆ ಒತ್ತಿ ಹಿಡಿಯುತ್ತವೆ.

ಕೀಲು ಸವೆದು ನೋವು ತಡೆಯಲಾಗದಾಗ ಕೃತಕ ಕೀಲು ಜೋಡಿಸುತ್ತಾರೆ. 1893ರಲ್ಲಿ ಪ್ಯಾರಿಸ್ಸಿನ ವೈದ್ಯ ಜೂಲ್ಸ್ ಪೆಯಾನ್, ಕ್ಷಯದಿಂದ ಭುಜ ಹಾಳಾಗಿದ್ದ ರೊಟ್ಟಿ ಸುಡುವ ಕಾರ್ಮಿಕನೊಬ್ಬನಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಅಳವಡಿಸಿದ. ಸೋಂಕಿನಿಂದಾಗಿ ಸುಮಾರು ಎರಡು ವರ್ಷದ ಬಳಿಕ ಅದನ್ನು ತೆಗೆಯಬೇಕಾಯಿತು. 1950ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಲೋಹದ ಗುಂಡನ್ನು ಬಳಕೆಗೆ ತಂದ. ಈಗ ಸಾಮಾನ್ಯವಾಗಿ ಗುಂಡು ಲೋಹದ್ದು, ಬಟ್ಟಲು ಗಟ್ಟಿ ಪ್ಲಾಸ್ಟಿಕ್ಕಿನದು.

ಕತ್ತರಿಸಿ ಹೊಲಿಯುವುದು

ಆದರೆ ಲೋಹಕ್ಕೆ ತಾನಾಗಿ ನಿಲ್ಲುವ ಶಕ್ತಿ ಇಲ್ಲ. ಅದನ್ನು ಹಿಡಿದಿಡಬೇಕಾದವು ರೋಗಿಯ ಹಳೆಯ ಸ್ನಾಯುರಜ್ಜುಗಳೇ. ಒಂದು ವಿಚಿತ್ರವೆಂದರೆ, ಶಸ್ತ್ರವೈದ್ಯರು ಸಾಮಾನ್ಯವಾಗಿ ಮುಂಭಾಗದಿಂದ ಕೀಲನ್ನು ತಲುಪುತ್ತಾರೆ. ಅಲ್ಲಿ ಅಡ್ಡ ನಿಂತಿರುವುದು ಸಬ್‌ಸ್ಕ್ಯಾಪುಲಾರಿಸ್ ಎಂಬ ಕಾವಲುಗಾರ. ಅದರ ರಜ್ಜುವನ್ನು ಕತ್ತರಿಸಿ, ಇಲ್ಲವೇ ಮೂಳೆಯಿಂದ ಬಿಡಿಸಿ, ಇಲ್ಲವೇ ಮೂಳೆಯ ತೆಳು ಚೂರಿನೊಂದಿಗೇ ಎಬ್ಬಿಸಿ ದಾರಿ ಮಾಡಿಕೊಳ್ಳುತ್ತಾರೆ. ಹೊಸ ಕೀಲು ಕೂರಿಸಿದ ಮೇಲೆ ಅದನ್ನು ಬಲವಾದ ದಾರದಿಂದ ಮತ್ತೆ ಹೊಲಿಯುತ್ತಾರೆ. ಮೇಲ್ಭಾಗದ ಸುಪ್ರಾಸ್ಪೈನೇಟಸ್‌ನಲ್ಲಿ ಚಿಕ್ಕ ಹರಿತವಿದ್ದರೆ ಅದನ್ನೂ ಆಗಲೇ ಮೂಳೆಗೆ ಹೊಲಿಯಬಹುದು.

ದೊಡ್ಡ ಹರಿತವನ್ನು ಹಾಗೆಯೇ ಬಿಟ್ಟರೆ? ಡೆಲ್ಟಾಯ್ಡ್ ಎಳೆದಂತೆಲ್ಲ ಗುಂಡು ಮೇಲಕ್ಕೆ ಸರಿದು ಬಟ್ಟಲಿನ ಅಂಚನ್ನು ಒತ್ತುತ್ತದೆ. ನೆಟ್ಟ ಗೂಟವನ್ನು ಕೀಳಲು ಆಚೀಚೆ ಅಲ್ಲಾಡಿಸುವುದಿಲ್ಲವೆ? ಹಾಗೆಯೇ ಬಟ್ಟಲು ಕ್ರಮೇಣ ಸಡಿಲವಾಗುತ್ತದೆ.

ಹರಿದ ರಜ್ಜು ದೂರ ಸರಿದು, ಸ್ನಾಯು ಕೊಬ್ಬಾಗಿ ಮಾರ್ಪಟ್ಟಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಇದಕ್ಕೆ ಫ್ರಾನ್ಸಿನ ಪಾಲ್ ಗ್ರಾಮೊಂ 1985ರಲ್ಲಿ ಕಂಡುಕೊಂಡ ಉಪಾಯ ಸೊಗಸಾದದ್ದು. ಆತ ಕೀಲನ್ನೇ ತಿರುವುಮುರುವು ಮಾಡಿದ! ಗುಂಡು ಹೆಗಲ ಮೂಳೆಗೆ, ಬಟ್ಟಲು ತೋಳಿಗೆ. ಇದರಿಂದ ಕೀಲು ತಿರುಗುವ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿದು, ಡೆಲ್ಟಾಯ್ಡ್‌ನ ಸನ್ನೆಯ ತೋಳು ಉದ್ದವಾಗುತ್ತದೆ. ವಿದ್ಯಾರ್ಥಿಗಳು ಪಾಠದಲ್ಲಿ ಓದಿದ ಸನ್ನೆಯ ತತ್ತ್ವವೇ ಇಲ್ಲಿಯೂ ಇದೆ. ಕಾವಲುಗಾರರು ಸೋತರೂ ಡೆಲ್ಟಾಯ್ಡ್ ಒಂದೇ ಕೈಯನ್ನು ಎತ್ತಬಲ್ಲದು.

ಮನೆಯವರ ಪಾಲು

ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಆದ್ದರಿಂದ ಅದು ಕೂಡಿಕೊಳ್ಳುವುದು ನಿಧಾನ. ಅಲ್ಲಿಯವರೆಗೆ ಭಾರವೆಲ್ಲ ಹೊಲಿಗೆಯ ಮೇಲೆ. ಹೀಗಾಗಿಯೇ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಜೋಲಿಯಲ್ಲಿ ಇಡಿಸಿ, ವೈದ್ಯರು ಹೇಳಿದ ವ್ಯಾಯಾಮವನ್ನಷ್ಟೇ ಮಾಡಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ಸವೆದ ಕೀಲಿನ ನೋವು ಮಾಯವಾದೊಡನೆ ಅಜ್ಜಿ ಕೊಡ ಎತ್ತಲು ಹೋಗುತ್ತಾರೆ. ಅಜ್ಜ ಆ ಕೈಯೂರಿಯೇ ಕುರ್ಚಿಯಿಂದ ಏಳುತ್ತಾರೆ. ಒಂದು ಕ್ಷಣದಲ್ಲಿ ಹೊಲಿಗೆ ಕಿತ್ತುಬರಬಹುದು.

ನೋವು ಹೋಯಿತೆಂದರೆ ನಾರು ಕೂಡಿತೆಂದು ಅರ್ಥವಲ್ಲ. ಮನೆಯ ಮಕ್ಕಳು ಅಷ್ಟು ದಿನ ಕೊಡ ಹೊತ್ತು, ಏಳುವಾಗ ಇನ್ನೊಂದು ಬದಿಯಿಂದ ಆಸರೆ ಕೊಟ್ಟರೆ ಅದೂ ಚಿಕಿತ್ಸೆಯ ಭಾಗವೇ.